ಕಾರ್ಪೆಟ್ ಕ್ಲೀನರ್‌ನಿಂದ ಸುಟ್ಟ ವಾಸನೆ: ನಾನು ಸರಿಮಾಡಿದ್ದು ಹೀಗೆ

ವಿಜಯಪುರದ ಬೇಸಿಗೆ ಧೂಳು ಇಲ್ಲಿಯವರಿಗೆ ಗೊತ್ತೇ ಇದೆ. ಹಾಲ್‌ನ ಕಾರ್ಪೆಟ್ ತೊಳೆಯುವಾಗ ಮಷೀನು ಗರಗರ ಅಂತ ಜೋರಾಗಿ ಸದ್ದು ಮಾಡಿತು, ಜೊತೆಗೆ ರಬ್ಬರ್ ಸುಟ್ಟ ವಾಸನೆ. ಕೂಡಲೇ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತೆ. ವಾಸನೆ ಬಂದ ಮೇಲೂ ಓಡಿಸಲೇಬೇಡಿ.

ಮೊದಲು ವಾಸನೆ ಎಂಥದ್ದು ಅಂತ ಗುರುತಿಸಬೇಕು. ರಬ್ಬರ್ ವಾಸನೆ ಆದರೆ ಹೆಚ್ಚಾಗಿ ಬೆಲ್ಟಿನದೇ ತೊಂದರೆ, ಅಂದರೆ ಮೋಟಾರಿನಿಂದ ಬ್ರಷ್ ತಿರುಗಿಸುವ ರಬ್ಬರ್ ಪಟ್ಟಿಯದು. ವೈರ್ ಸುಟ್ಟ ಘಾಟು ಬಂದರೆ, ಕಿಡಿ ಕಂಡರೆ, ರಿಪೇರಿಯವರಿಗೇ ಕೊಡಿ. ನೀರು ಬಳಸುವ ಮಷೀನ್ ಬೇರೆ, ಕರೆಂಟ್ ಜೊತೆ ಆಟ ಬೇಡ.

ಟ್ಯಾಂಕ್ ಖಾಲಿ ಮಾಡಿ, ಮಗುಚಿ ಹಾಕಿ, ಅಡಿಯ ಸ್ಕ್ರೂ ಬಿಚ್ಚಿದೆ. ಉರುಳುವ ಬ್ರಷ್‌ನ ಎರಡೂ ತುದಿಗೆ ಉದ್ದ ಕೂದಲು, ಜಮಖಾನೆಯ ಎಳೆ ಎಲ್ಲ ಬಿಗಿಯಾಗಿ ಸುತ್ತಿಕೊಂಡಿದ್ದವು. ಬ್ರಷ್ ನಿಂತರೂ ಮೋಟಾರ್ ತಿರುಗುತ್ತಲೇ ಇರುತ್ತದೆ ಅಲ್ವಾ, ಆಗ ಬೆಲ್ಟ್ ಜಾರಿ ಜಾರಿ, ತಿಕ್ಕಿ, ಬಿಸಿಯಾಗಿ ಸುಡುತ್ತದೆ. ನಮ್ಮದು ಒಂದು ಕಡೆ ಹೊಳಪು ಬಂದು ಸವೆದೇ ಹೋಗಿತ್ತು. ಕೂದಲನ್ನು ಕತ್ತರಿಯಿಂದ ಕತ್ತರಿಸಿ ತೆಗೆದೆ. ಬ್ರಷ್ ಕೈಯಿಂದ ತಿರುಗಿಸಿದರೆ ಸಲೀಸಾಗಿ ತಿರುಗಿತು, ಅಂದರೆ ಬೇರಿಂಗ್ ಚೆನ್ನಾಗಿದೆ. ಬೆಲ್ಟ್ ಮಾತ್ರ ಹೊಸದು ಬೇಕಾಯಿತು. ಮಾಡೆಲ್ ನಂಬರ್ ಕೊಟ್ಟೇ ತರಿಸಿ, ಅಂದಾಜಿನ ಅಳತೆಯದು ತಂದರೆ ಸುಮ್ನೆ ದುಡ್ಡು ದಂಡ: ಸಡಿಲ ಆದರೆ ಮತ್ತೆ ಜಾರುತ್ತದೆ, ಜಾಸ್ತಿ ಬಿಗಿಯಾದರೆ ಬೇರಿಂಗ್ ಸವೆಯುತ್ತದೆ.

ಫಿಲ್ಟರ್ ಕಟ್ಟಿಕೊಂಡರೂ ಮೋಟಾರ್ ಬಿಸಿಯಾಗುತ್ತದೆ, ಅದನ್ನೂ ತೊಳೆದು ಪೂರ್ತಿ ಒಣಗಿಸಿ ಹಾಕಿದೆ. ಸದ್ದು ಹೋಯಿತು. ಹೊಸ ಬೆಲ್ಟಿಗೆ ಶುರುವಿನಲ್ಲಿ ಸ್ವಲ್ಪ ರಬ್ಬರ್ ವಾಸನೆ ಇತ್ತು, ಆಮೇಲೆ ಅದೂ ಇಲ್ಲ.