ಗ್ಯಾಸ್ ಟಾರ್ಚ್‌ನಲ್ಲೇ ಮಾಡಿದ ತಾಮ್ರದ ಬಾಯ್ಲರ್: ನನ್ನ ಅನುಭವ

ಉಗಿ ಹುಟ್ಟಿಸುವ ಪುಟ್ಟ ತಾಮ್ರದ ಬಾಯ್ಲರ್ ಮಾಡಿ, ಆರು ಕೆಜಿ ಪ್ರೆಶರ್‌ನಲ್ಲಿ (ಚದರ ಸೆಂಟಿಮೀಟರಿಗೆ) ನೀರಿನ ಟೆಸ್ಟ್ ಮಾಡಿದೆ, ಅರ್ಧ ಗಂಟೆ ಬಿಟ್ಟೆ. ಗೇಜಿನ ಮುಳ್ಳು ಅಲುಗಲಿಲ್ಲ. ಇನ್ನೂ ಬಿಸಿಯಾಗಿ ಉರಿಯುವ ಅಸಿಟಿಲೀನ್ ಗ್ಯಾಸ್ ಬಳಸಿಲ್ಲ, ಎಲ್ಲಾ ಜೋಡಣೆಯೂ ಎಲ್‌ಪಿಜಿ ಟಾರ್ಚ್‌ನಲ್ಲೇ. ಹುಬ್ಬಳ್ಳಿಯ ನವನಗರದ ನಮ್ಮ ಮನೆ ಹಿಂದಿನ ಶೆಡ್‌ನಲ್ಲಿ, ನಾಲ್ಕೂವರೆ ಅಡಿಯ ಹಳೇ ಲೇತ್ ಮೇಲೆ ಆದ ಕೆಲಸ ಇದು. ಆಗಲ್ಲ ಅಂದವರೇ ಜಾಸ್ತಿ ಇದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್‌ನಲ್ಲಿ ಮೀಟರ್‌ಗೇಜ್ ಕಾಲದಿಂದ ದುಡಿದು ರಿಟೈರ್ ಆದ ಒಬ್ಬ ಫಿಟ್ಟರ್ ಕಾಕಾ ಮೊದಲ ದಿನವೇ ಹೇಳಿದ್ದರು: "ತಮ್ಮಾ, ತಾಮ್ರ ಬೆಂಕಿ ನುಂಗತೈತಿ. ಗ್ಯಾಸ್ ಸಾಲಂಗಿಲ್ಲ, ಸುಮ್ನ ರೊಕ್ಕಾ ಹಾಳ ಮಾಡಬ್ಯಾಡ." ಅವರ ಮಾತಿನಲ್ಲಿ ಅರ್ಧ ನಿಜ ಇತ್ತು. ಒಂದು ಕಡೆ ಕಾಯಿಸಿದರೆ ಶಾಖ ಇಡೀ ಮೈಗೆ ಹರಿದು ಹೋಗುತ್ತೆ. ಬೆಸುಗೆ ಹತ್ತಲಿ ಅಂತ ಹಚ್ಚುವ ಫ್ಲಕ್ಸ್ ಸುಟ್ಟು ಕಪ್ಪಾಗುತ್ತೆ, ಬೆಳ್ಳಿ ಬೆರೆತ ಬೆಸುಗೆ ರಾಡ್ ಮಾತ್ರ ಗುಂಡು ಗುಂಡಾಗಿ ಉದುರುತ್ತೆ. ಮೊದಲ ಜೋಡಣೆಗಳೆಲ್ಲ ಹೀಗೇ ಹೋದವು. ಇದರ ಮೇಲೆ 5 ಕೆಜಿಯ ಸಣ್ಣ ಸಿಲಿಂಡರ್ ಕಾಟ. ದೊಡ್ಡ ಬರ್ನರ್ ಹಚ್ಚಿದ ಸ್ವಲ್ಪ ಹೊತ್ತಿಗೆ ಸಿಲಿಂಡರ್ ಮೈಮೇಲೆ ಮಂಜು ಕಟ್ಟಿ ಜ್ವಾಲೆ ಕುಗ್ಗುತ್ತಿತ್ತು. 19 ಕೆಜಿ ಕಮರ್ಷಿಯಲ್ ಸಿಲಿಂಡರ್ ತಂದ ಮೇಲೆ ಆ ಕಾಟ ತಪ್ಪಿತು.

ಆದರೆ ಕೆಲಸ ಗೆಲ್ಲಿಸಿದ್ದು ಸಿಲಿಂಡರ್ ಅಲ್ಲ, ಇಟ್ಟಿಗೆ. ಮಾಮೂಲಿ ಭಾರದ ಫೈರ್ ಬ್ರಿಕ್ ಬೇಡ, ಅದೇ ಶಾಖ ಕುಡಿಯುತ್ತೆ. ಕೈಯಲ್ಲಿ ಹಗುರ ಅನ್ನಿಸುವ ಇನ್ಸುಲೇಷನ್ ಇಟ್ಟಿಗೆ ತಗೊಳ್ಳಿ. ಬಾಯ್ಲರ್ ಸುತ್ತ ಮೂರು ಕಡೆ ಗೂಡು ಕಟ್ಟಿ, ಒಬ್ಬರು ದೊಡ್ಡ ಟಾರ್ಚ್ ಹಿಡಿದು ಇಡೀ ಮೈ ಕಾಯಿಸಬೇಕು, ಇನ್ನೊಬ್ಬರು ಸಣ್ಣದು ಹಿಡಿದು ಜೋಡಣೆ ಮೇಲೆ ಓಡಾಡಿಸಬೇಕು. ನನ್ನ ತಮ್ಮ ದೊಡ್ಡದು ಹಿಡಿದ. ಫ್ಲಕ್ಸ್ ಮೊದಲು ಬಿಳಿ ನೊರೆ ಆಗುತ್ತೆ, ಆಮೇಲೆ ಗಾಜಿನ ಹಾಗೆ ತಿಳಿಯಾಗುತ್ತೆ. ಆಗ ರಾಡ್ ತಾಗಿಸಿದರೆ ಬೆಳ್ಳಿ ಗೆರೆ ಒಂದೇ ಸಲಕ್ಕೆ ಜೋಡಣೆ ಸುತ್ತ ಓಡುತ್ತೆ. ಆ ಓಟ ಕಂಡ ದಿನ ನಿದ್ದೆ ಬರಲಿಲ್ಲ.

ಫ್ಲಕ್ಸ್ ಅಂತ ಬಿಳಿಗಾರ (ಬೋರಾಕ್ಸ್) ಒಂದನ್ನೇ ನಂಬಬೇಡಿ. ಪತ್ತಾರರ ಸಣ್ಣ ಕೆಲಸಕ್ಕೆ ಅದು ಸರಿ, ಇಷ್ಟು ದೊಡ್ಡ ತುಂಡಿಗೆ ಸಿಲ್ವರ್ ರಾಡ್ ಜೊತೆ ಬರುವ ಫ್ಲಕ್ಸೇ ಬೇಕು. ನಾನು ಅದಕ್ಕೆ ಇನ್ನೊಂದು ಸೇರಿಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಕ್ಯಾಡ್ಮಿಯಂ ಇರುವ ಅಗ್ಗದ ರಾಡ್ ಮಾತ್ರ ತರಲೇಬೇಡಿ, ಅದರ ಹೊಗೆ ವಿಷ.

ಮೈ 4 ಇಂಚಿನ ಪೈಪ್, ದಪ್ಪ 2.5 ಎಂಎಂ, ಎತ್ತರ 8 ಇಂಚಿನ ಹತ್ತಿರ. ನಿಂತ ಬಾಯ್ಲರ್, ಒಳಗೆ 12 ಎಂಎಂ ಹೊಗೆ ಕೊಳವೆಗಳು. ಎರಡೂ ಕಡೆಯ ಪ್ಲೇಟಿನ ಅಂಚು ಮಡಚೋಕೆ ಅಚ್ಚು ಬೇಕಲ್ವಾ? ಎಲ್ಲರೂ ಬೀಡು ಕಬ್ಬಿಣದ್ದೇ ಬೇಕು ಅಂದರು. ನಾನು ಜಾಲಿ ಕಟ್ಟಿಗೆಯಲ್ಲಿ ತಿರುವಿದೆ. ಚಕ್ಕಡಿಗೆ ತಡೆಯುವ ಕಟ್ಟಿಗೆ ಇದಕ್ಕೆ ತಡೆಯಲ್ವಾ? ಅಭ್ಯಾಸಕ್ಕೆ ಗುಜರಿಯಿಂದ ಹಳೇ ತಾಮ್ರದ ಹಂಡೆ ತಂದು ಕತ್ತರಿಸಿದೆ. ಹಂಡೆ ತಗಡು ತೆಳು, ಬಾಯ್ಲರಿಗೆ ನಡೆಯಲ್ಲ, ಕೈ ಪಳಗೋಕೆ ಮಾತ್ರ. ಕೊಡತಿ ಏಟಿನ ಸದ್ದು ಕೇಳುತ್ತಿರಿ. ಮೆತ್ತಗಿದ್ದಾಗ ದಪ್ ದಪ್ ಅನ್ನುತ್ತೆ, ಬಿರುಸಾದ ಕೂಡಲೇ ಠಣ್ ಅನ್ನುತ್ತೆ. ಠಣ್ ಅಂದಮೇಲೆ ಒಂದೇಟೂ ಹೊಡೆಯಬೇಡಿ, ಅಂಚು ಸೀಳುತ್ತೆ. ಮಂದ ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮತ್ತೆ ಶುರು ಮಾಡಿ.

ತಾಮ್ರ ತಿರುವೋದು ಎಲ್ಲರಿಗೂ ಬೇಸರದ ಕೆಲಸ, ಟೂಲಿಗೆ ಅಂಟುತ್ತೆ. ಅಂಟದ ಹಾಗೆ ಹಾಕೋ ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗಲ್ಲ. ಹಾಲು ಹಾಕಿ ನೋಡಿದೆ. ಹಳಬರು ಹೇಳೋದು ಸುಳ್ಳಲ್ಲ, ಫಿನಿಶ್ ಕನ್ನಡಿ! ಸಂಜೆಯೊಳಗೆ ಲೇತ್ ಒರೆಸದಿದ್ದರೆ ವಾಸನೆಗೆ ಶೆಡ್ ಒಳಗೆ ಕಾಲಿಡೋಕೆ ಆಗಲ್ಲ. ಕೊಳವೆ ತೂತುಗಳನ್ನು ಸಣ್ಣ ಡ್ರಿಲ್‌ನಲ್ಲಿ ಹೊಡೆದು, ತೂತನ್ನು ಸರಿ ಅಳತೆಗೆ ನಯ ಮಾಡುವ ರೀಮರ್ ಹಾಕಿದೆ, ಕೊಳವೆಗಿಂತ 0.1 ಎಂಎಂ ಸಡಿಲ. ಬಿಗಿ ಮಾಡಿದರೆ ಬೆಳ್ಳಿ ಒಳಗೆ ಇಳಿಯಲ್ಲ. ವಾಲ್ವ್, ಗೇಜ್ ತಿರುಗಿಸಿ ಕೂರಿಸುವ ಬುಷ್ ಎಲ್ಲಾ ಗನ್‌ಮೆಟಲ್, ಅಂದರೆ ತವರ ಬೆರೆತ ಕಂಚು. ಹಿತ್ತಾಳೆ ಅಗ್ಗ ನಿಜ, ಆದರೆ ಬಿಸಿನೀರು ಅದರೊಳಗಿನ ಸತುವನ್ನು ತಿಂದು ಟೊಳ್ಳು ಮಾಡುತ್ತೆ.

ಖರ್ಚು ನೆನಪಿನ ಮೇಲೆ ಹೇಳುತ್ತೇನೆ. ಪೈಪ್, ಪ್ಲೇಟು, ಕೊಳವೆ ಐದಾರು ಸಾವಿರ. ಗನ್‌ಮೆಟಲ್ ಸಾವಿರದೈನೂರು. ಬೆಳ್ಳಿ ರಾಡ್ ಒಂದಕ್ಕೇ ಎಂಟೊಂಬತ್ತು ಸಾವಿರ, ಅದೂ ಬೆಳ್ಳಿ ಈಗಿನಷ್ಟು ಏರದಿದ್ದಾಗ. ಗ್ಯಾಸ್, ಇಟ್ಟಿಗೆ, ಗೇಜ್ ಎಲ್ಲಾ ಸೇರಿ 20 ಸಾವಿರ ದಾಟಿತು. ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಕಡೆ ಕೇಳಿದ್ದೆ, ಕೂಲಿಯೇ 35 ಸಾವಿರ ಅಂದಿದ್ದರು.

ಕೊಳವೆಗಳನ್ನು ಪ್ಲೇಟಿಗೆ ಕೂರಿಸೋಕೆ ಬೆಳ್ಳಿ ಕಡಿಮೆ ಇರುವ ರಾಡ್, ಪ್ಲೇಟನ್ನು ಮೈಗೆ ಕೂರಿಸೋಕೆ ಬೆಳ್ಳಿ ಜಾಸ್ತಿ ಇರುವ, ಬೇಗ ಕರಗುವ ರಾಡ್. ಇಲ್ಲದಿದ್ದರೆ ಎರಡನೇ ಕಾವಿಗೆ ಮೊದಲಿನ ಜೋಡಣೆ ಬಿಚ್ಚಿಕೊಳ್ಳುತ್ತೆ. ಪ್ರತಿ ಸಲ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಲ್ಲಿ ರಾತ್ರಿಯಿಡೀ ನೆನೆಸಿ ತೊಳೆಯಿರಿ, ಬಿಟ್ಟುಹೋದ ಜಾಗ ಆಗಲೇ ಕಾಣೋದು.

ಟೆಸ್ಟ್ ಯಾವತ್ತೂ ನೀರಿನಲ್ಲೇ, ಗಾಳಿಯಲ್ಲಿ ಬೇಡ. ಗಾಳಿ ತುಂಬಿ ಒಡೆದರೆ ಚೂರು ಹಾರುತ್ತೆ. ನಡೆಸೋ ಪ್ರೆಶರ್ ಮೂರು ಕೆಜಿ, ಟೆಸ್ಟ್ ಅದರ ಎರಡು ಪಟ್ಟು. ಸೇಫ್ಟಿ ವಾಲ್ವಿಗೆ ಸ್ಟೇನ್‌ಲೆಸ್ ಬೇರಿಂಗ್ ಗುಂಡು, ಗನ್‌ಮೆಟಲ್ ಸೀಟು. ಸೀಟು ಕೂರಿಸೋಕೆ ಬೇರೊಂದು ಗುಂಡಿಟ್ಟು ಒಂದು ಏಟು, ಆ ಗುಂಡನ್ನು ಬಿಸಾಡಿ. ಸ್ಪ್ರಿಂಗ್ ಹೇಗೆ ಆರಿಸಿದೆ ಅಂತ ತುಂಬಾ ಜನ ಕೇಳಿದ್ದಾರೆ, ಬಂದು ನೋಡಿ, ತೋರಿಸುತ್ತೇನೆ. ಪೂರ್ತಿ ಬೆಂಕಿ ಕೊಟ್ಟು ಉಗಿ ದಾರಿ ಮುಚ್ಚಿಟ್ಟರೂ ಮುಳ್ಳು 3.2ರ ಮೇಲೆ ಹೋಗಲಿಲ್ಲ. ನಡೆಸೋ ಪ್ರೆಶರ್‌ಗಿಂತ ನೂರಕ್ಕೆ ಹತ್ತರಷ್ಟು ಏರಿಕೆಯೊಳಗೆ ಇರಬೇಕು ಅನ್ನೋದು ಲೆಕ್ಕ.

ಈಗ ಬಾಯ್ಲರಿಗೆ ನೀರು ನುಗ್ಗಿಸುವ ಫೀಡ್ ಪಂಪ್ ಮಾಡೋಕೆ ಶುರು ಮಾಡಿದ್ದೇನೆ, ಹಿಂದೆ ಮುಂದೆ ಆಡಿ ನೀರು ತಳ್ಳುವ 8 ಎಂಎಂ ಸ್ಟೇನ್‌ಲೆಸ್ ರ‍್ಯಾಮ್, ಗನ್‌ಮೆಟಲ್ ಬಾಡಿ. ಸದ್ಯಕ್ಕೆ ಕೈಪಂಪಿನಲ್ಲೇ ನೀರು ತುಂಬಿಸುತ್ತಿದ್ದೇನೆ.