ಒಂಟಿ ಇಂಗ್ಲಿಷ್ ಪದ ಕಲಿಯಬೇಡಿ

ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಲು ಹೊರಟವರ ನೋಟ್‌ಬುಕ್‌ಗಳನ್ನು ಸಾಕಷ್ಟು ನೋಡಿದ್ದೇನೆ. ಎಡಕ್ಕೆ ಪದ, ಬಲಕ್ಕೆ ಕನ್ನಡ ಅರ್ಥ, ಹೀಗೇ ನೂರಾರು ಸಾಲು. ಬರೆಯಲು ಕೂತಾಗ ಮಾತ್ರ ಒಂದೂ ಕೈಗೆ ಬರುವುದಿಲ್ಲ.

ಮೊದಲು ಪಟ್ಟಿ. ಆವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ‘ಅಕಾಡೆಮಿಕ್ ವರ್ಡ್ ಲಿಸ್ಟ್’, ಅಂದರೆ ಶೈಕ್ಷಣಿಕ ಬರಹದಲ್ಲಿ ಹೆಚ್ಚು ಬರುವ ಪದಗಳ ಪಟ್ಟಿ, ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. 570 ಪದಕುಟುಂಬಗಳು (ಒಂದೇ ಪದದ ಬೇರೆ ಬೇರೆ ರೂಪಗಳ ಗುಂಪು), 10 ಉಪಪಟ್ಟಿಗಳು. ಜಾಸ್ತಿ ಬಳಕೆಯ 60 ಮೊದಲನೆಯದರಲ್ಲಿವೆ. ಅಲ್ಲಿಂದಲೇ ಶುರು ಮಾಡಿ.

ಎಡವುವುದು ಇದರ ಮುಂದೆ. ‘ಎವಿಡೆನ್ಸ್’ ಅಂದರೆ ಪುರಾವೆ. ಸುಲಭ ಅಲ್ವಾ? ಆದರೆ ಕನ್ನಡದಲ್ಲಿ ‘ಪುರಾವೆಗಳು’ ಅನ್ನುತ್ತೇವೆ, ಅದೇ ಜಾಡಿನಲ್ಲಿ ‘ಮೆನಿ ಎವಿಡೆನ್ಸಸ್’ ಎಂದು ಬರೆದುಬಿಡುತ್ತೇವೆ. ಇಂಗ್ಲಿಷ್ ಅದನ್ನು ನೀರಿನ ಹಾಗೆ ನೋಡುತ್ತದೆ, ಸಾಮಾನ್ಯವಾಗಿ ಎಣಿಸುವುದಿಲ್ಲ. ಇದು ಅರ್ಥ ಬರೆದುಕೊಂಡರೆ ತಿಳಿಯುವುದಲ್ಲ.

ಅದಕ್ಕೇ ‘ಸ್ಕೆಲ್’ (SkELL) ಎಂಬ ಉಚಿತ ತಾಣ ತೆರೆಯಿರಿ. ಪದ ಟೈಪ್ ಮಾಡಿ, ‘ವರ್ಡ್ ಸ್ಕೆಚ್’ ಒತ್ತಿ. ಅದರ ಅಕ್ಕಪಕ್ಕ ಯಾವ ಪದಗಳು ಬರುತ್ತವೆ ಎಂದು ತೋರಿಸುತ್ತದೆ: ‘ಪ್ರೊವೈಡ್ ಎವಿಡೆನ್ಸ್’, ‘ಸ್ಟ್ರಾಂಗ್ ಎವಿಡೆನ್ಸ್’, ‘ಎವಿಡೆನ್ಸ್ ಸಜೆಸ್ಟ್ಸ್’. ಮೂರು ಸಾಕು, ಪೂರ್ತಿ ಇಳಿಸಿಕೊಳ್ಳಬೇಡಿ. ಆಮೇಲೆ ಇವುಗಳಲ್ಲಿ ಒಂದು ಜೋಡಿಯನ್ನು ಉದ್ಧರಣ ಚಿಹ್ನೆಯೊಳಗಿಟ್ಟು, ಸಂಶೋಧನಾ ಪ್ರಬಂಧಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ. ನಿಮ್ಮದೇ ವಿಷಯದ ಪ್ರಬಂಧದಿಂದ ಒಂದು ಚಿಕ್ಕ ವಾಕ್ಯ ಆರಿಸಿ. ಈಗ ಪದಕ್ಕೊಂದು ನೆನಪಿನ ಕಾರ್ಡು ಮಾಡಿ. ಅದರ ಮುಂದೆ ಆ ವಾಕ್ಯ ಬರೆದು, ಪದದ ಜಾಗ ಖಾಲಿ ಬಿಡಿ, ಮೊದಲ ಅಕ್ಷರ ಮಾತ್ರ ಇರಲಿ. ಹಿಂದೆ ಪದ ಮತ್ತು ಆ ಮೂರು ಜೊತೆ. ಒಂದು ಕಾರ್ಡಿಗೆ ಐದಾರು ನಿಮಿಷ ಹಿಡಿಯುತ್ತದೆ, ಹಿಡಿಯಲಿ.

ಬೇರೆಯವರು ಮಾಡಿಟ್ಟ ಕಾರ್ಡುಗಳನ್ನು ಇಳಿಸಿಕೊಳ್ಳಬೇಡಿ. ಅರ್ಧ ಕಲಿಕೆ ಕಾರ್ಡು ಮಾಡುವಾಗಲೇ ಆಗುತ್ತದೆ.

ಕಾರ್ಡುಗಳು ‘ಆಂಕಿ’ (Anki) ಎಂಬ ಆ್ಯಪ್‌ನಲ್ಲಿರಲಿ, ಅದು ಅವನ್ನು ಆಗಾಗ ಮತ್ತೆ ತೋರಿಸಿ ನೆನಪು ಪರೀಕ್ಷಿಸುತ್ತದೆ. ಕಂಪ್ಯೂಟರ್, ಆಂಡ್ರಾಯ್ಡ್‌ಗೆ ಉಚಿತ. ಐಫೋನ್ ಆ್ಯಪ್‌ಗೆ ದುಡ್ಡು ಕೊಡಬೇಕು. ದಿನಕ್ಕೆ ಐದು ಹೊಸದು, ಅಷ್ಟೇ. ನೆನಪಾಗದಿದ್ದರೆ ಸುಮ್ನೆ ‘ಅಗೇನ್’ ಒತ್ತಿ, ನಾಚಿಕೆ ಬೇಡ.

ಇನ್ನು ವಾಕ್ಯ ಹಾಕಿದರೆ ಪದ ಬದಲಿಸಿಕೊಡುವ ತಾಣಗಳು. ಅವನ್ನು ನಾನಂತೂ ಮುಟ್ಟುವುದಿಲ್ಲ. ‘ಸಿಗ್ನಿಫಿಕಂಟ್ ಡಿಫರೆನ್ಸ್’ ಇದ್ದದ್ದನ್ನು ‘ಹ್ಯೂಜ್ ಡಿಫರೆನ್ಸ್’ ಮಾಡಿದರೆ ಕೆಟ್ಟಿತು. ಸಂಖ್ಯಾಶಾಸ್ತ್ರದಲ್ಲಿ ಮೊದಲನೆಯದಕ್ಕೆ ವ್ಯತ್ಯಾಸ ದೊಡ್ಡದು ಎಂಬ ಅರ್ಥವೇ ಇಲ್ಲ. ಬರೀ ಆಕಸ್ಮಿಕವಾಗಿ ಅಷ್ಟು ವ್ಯತ್ಯಾಸ ಕಾಣುವ ಸಾಧ್ಯತೆ ಕಡಿಮೆ ಎಂದಷ್ಟೇ.

ವಾರಕ್ಕೊಮ್ಮೆ ಕಾರ್ಡು ನೋಡದೆ ಒಂದು ಪ್ಯಾರಾ ಬರೆಯಿರಿ. ಅದರಲ್ಲಿ ‘ಎವಿಡೆನ್ಸಸ್’ ಮತ್ತೆ ಇಣುಕಿದರೆ, ಆ ಕಾರ್ಡನ್ನು ಬೇರೆ ವಾಕ್ಯ ಹಾಕಿ ಹೊಸದಾಗಿ ಮಾಡಿ.