ಒಲೆ ಹಚ್ಚದೆ ಕಟ್ಟುವ ಖರ್ಜೂರ-ಶೇಂಗಾ ಉಂಡೆ

ಪಾಕ ಹಿಡಿಯಲು ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಉಂಡೆ ಕಟ್ಟುವ ಗೋಜಿಗೇ ಹೋಗದವರು ಬಹಳ ಮಂದಿ ಇದ್ದಾರೆ. ಈ ಉಂಡೆಗೆ ಪಾಕ ಬೇಡ, ತುಪ್ಪ ಬೇಡ, ಹಾಲು ಜೇನು ಯಾವುದೂ ಬೇಡ. ಹುರಿದ ಶೇಂಗಾ, ಹುರಿಗಡಲೆ, ಹುರಿದ ಎಳ್ಳು, ಒಣ ಕೊಬ್ಬರಿ, ಮೆತ್ತನೆಯ ಖರ್ಜೂರ ಇವೆಲ್ಲ ಅಂಗಡಿಯಲ್ಲಿ ಹಾಗೇ ತಿನ್ನುವ ರೂಪದಲ್ಲೇ ಸಿಗುವುದರಿಂದ ಒಲೆಯೂ ಬೇಡ. ಒಂದು ಮಿಕ್ಸಿ, ಅಗಲವಾದ ಒಂದು ಪಾತ್ರೆ, ಅರ್ಧ ಗಂಟೆ ಸಮಯ ಇದ್ದರೆ ಆಯಿತು. ಹಾಸ್ಟೆಲಿನಲ್ಲೂ ಪಿ.ಜಿ.ಯಲ್ಲೂ ಇರುವವರಿಗೆ ಇದಕ್ಕಿಂತ ಒಳ್ಳೆಯ ತಿಂಡಿ ಹೇಳುವುದು ಕಷ್ಟ.

ಅಳತೆಗೆ ಹೋಗುವ ಮೊದಲು ಉಂಡೆ ಯಾಕೆ ನಿಲ್ಲುತ್ತದೆ ಎನ್ನುವುದನ್ನು ತಿಳಿದುಕೊಳ್ಳಿ. ಅದು ತಿಳಿದರೆ ಮುಂದೆ ಅಳತೆಯ ಹಂಗೂ ಇರುವುದಿಲ್ಲ. ಉಂಡೆಯನ್ನು ಹಿಡಿದಿಡುವುದು ಎರಡು. ಒಂದು ಖರ್ಜೂರದ ಅಂಟು, ಅಂದರೆ ಅದರಲ್ಲಿರುವ ಸಕ್ಕರೆ ಮತ್ತು ತೇವ. ಇನ್ನೊಂದು ಶೇಂಗಾ ಮತ್ತು ಎಳ್ಳು ಬಿಡುವ ಎಣ್ಣೆ. ಇವೆರಡೂ ಹೆಚ್ಚಾದಾಗ ಹೀರಿಕೊಂಡು ಹದಕ್ಕೆ ತರುವುದು ಹುರಿಗಡಲೆ ಹಿಟ್ಟು. ತೇವ, ಎಣ್ಣೆ, ಒಣ ಹಿಟ್ಟು ಈ ಮೂರರ ಲೆಕ್ಕ ಸರಿಹೋದರೆ ಉಂಡೆ ಸರಿಹೋಗುತ್ತದೆ. ಕೆಟ್ಟರೆ ಈ ಮೂರರಲ್ಲಿ ಒಂದು ಏರುಪೇರಾಗಿದೆ ಎಂದೇ ಅರ್ಥ.

ಸುಮಾರು 25 ಗ್ರಾಂ ತೂಕದ 16 ಉಂಡೆಗಳಿಗೆ ಬೇಕಾಗುವುದು:

ಬೀಜ ತೆಗೆದ ಮೆತ್ತನೆಯ ಖರ್ಜೂರ 200 ಗ್ರಾಂ
ಹುರಿದು ಸಿಪ್ಪೆ ತೆಗೆದ ಶೇಂಗಾ 100 ಗ್ರಾಂ
ಹುರಿಗಡಲೆ 40 ಗ್ರಾಂ
ಹುರಿದ ಎಳ್ಳು 30 ಗ್ರಾಂ
ತುರಿದ ಒಣ ಕೊಬ್ಬರಿ 30 ಗ್ರಾಂ
ಏಲಕ್ಕಿ 4
ಉಪ್ಪು ಕಾಲು ಚಮಚ

ಉಪ್ಪನ್ನು ಬಿಡಬೇಡಿ. ಖರ್ಜೂರದ ಸಿಹಿ ಒಂದೇ ಸಮನಾಗಿ ನಾಲಿಗೆಗೆ ಹತ್ತುತ್ತದೆ. ಚಿಟಿಕೆ ಉಪ್ಪು ಬಿದ್ದರೆ ಶೇಂಗಾ, ಎಳ್ಳಿನ ರುಚಿ ಮೇಲೆ ಬರುತ್ತದೆ. ಅಡುಗೆ ತಕ್ಕಡಿ ಇದ್ದರೆ ತೂಗಿಯೇ ಹಾಕಿ. ಖರ್ಜೂರವನ್ನು ಬಟ್ಟಲಿನಲ್ಲಿ ಅಳೆದರೆ ಒತ್ತಿ ತುಂಬಿದ್ದಕ್ಕೂ ಸಡಿಲವಾಗಿ ತುಂಬಿದ್ದಕ್ಕೂ ಬಹಳ ವ್ಯತ್ಯಾಸ ಬರುತ್ತದೆ.

ಸಾಮಾನು ಆರಿಸುವಾಗ

ಅರ್ಧ ಕೆಲಸ ಖರ್ಜೂರದ ಆಯ್ಕೆಯಲ್ಲೇ ಮುಗಿಯುತ್ತದೆ. ಅಂಗಡಿಯಲ್ಲಿ ಮೂರು ಬಗೆ ಕಾಣುತ್ತವೆ. ಪ್ಯಾಕೆಟ್ಟಿನಲ್ಲಿ ಒತ್ತಿ ತುಂಬಿದ, ಕಂದು ಬಣ್ಣದ, ಬೀಜವಿಲ್ಲದ ಖರ್ಜೂರ ಒಂದು. ಮೇಲಿನ ಅಳತೆ ಇದಕ್ಕೆ ಹೊಂದುವುದು. ಡಬ್ಬಿಯಲ್ಲಿ ಬರುವ, ಕಪ್ಪಗೆ ರಸಭರಿತವಾದ ಇರಾನಿನ ಮಝಾಫತಿ ಖರ್ಜೂರ ಇನ್ನೊಂದು; ನಮ್ಮಲ್ಲಿ ಇದನ್ನು ಹೆಚ್ಚಿನವರು ಕಿಮಿಯಾ ಎಂದೇ ಕೇಳುತ್ತಾರೆ. ಹಾಗೇ ತಿನ್ನಲು ಬಲು ಸೊಗಸು, ಆದರೆ ಇದರಲ್ಲಿ ತೇವ ಜಾಸ್ತಿ. ಇದನ್ನೇ ಬಳಸುವುದಾದರೆ 200 ಗ್ರಾಂ ಖರ್ಜೂರಕ್ಕೆ ಹುರಿಗಡಲೆಯನ್ನು 40ರ ಬದಲು 80ರಿಂದ 90 ಗ್ರಾಂವರೆಗೆ ಏರಿಸಿ. ಉಂಡೆಯನ್ನು ಫ್ರಿಜ್ಜಿನಲ್ಲೇ ಇಡಿ. ಮೂರನೆಯದು ಗಟ್ಟಿಯಾದ ಉತ್ತುತ್ತಿ. ಅದು ಈ ಉಂಡೆಗೆ ಬೇಡವೇ ಬೇಡ. ಮಿಕ್ಸಿಯ ಬ್ಲೇಡು ಹಾಳು, ಅಂಟೂ ಬರುವುದಿಲ್ಲ. ಹೊರದೇಶದಲ್ಲಿ ಇರುವವರಿಗೆ ಸುಲಭವಾಗಿ ಸಿಗುವ ಮೆಡ್ಜೂಲ್ ಈ ಕೆಲಸಕ್ಕೆ ಚೆನ್ನಾಗಿದೆ. ಅದಕ್ಕೆ ಹುರಿಗಡಲೆ 50 ಗ್ರಾಂ ಸಾಕು.

‘ಬೀಜರಹಿತ’ ಎಂದು ಬರೆದಿದ್ದರೂ ಪ್ರತಿಯೊಂದು ಖರ್ಜೂರವನ್ನೂ ಬೆರಳಿನಲ್ಲಿ ಬಿಡಿಸಿ ನೋಡಿ. ಪ್ಯಾಕೆಟ್ಟಿಗೆ ಒಂದಾದರೂ ಬೀಜ ಅಥವಾ ತೊಟ್ಟು ಉಳಿದಿರುವುದುಂಟು. ಒಳಗೆ ಕಪ್ಪು ಪುಡಿ ಅಥವಾ ಹುಳುವಿನ ಗುರುತು ಇದ್ದದ್ದೂ ಆಗಲೇ ಸಿಗುತ್ತದೆ.

ಶೇಂಗಾದಲ್ಲಿ ನೋಡಬೇಕಾದದ್ದು ಎರಡು. ಕಮಟು ವಾಸನೆ ಬಂದಿದೆಯೇ ಎಂದು ನಾಲ್ಕು ಕಾಳು ಬಾಯಿಗೆ ಹಾಕಿ ನೋಡಿ. ಒಂದು ಹಿಡಿ ಹಳೆಯ ಶೇಂಗಾ ಸಾಕು, ಇಡೀ ಉಂಡೆ ಕಮಟಾಗುತ್ತದೆ. ಸುಕ್ಕಿದ, ಹಸಿರು ಅಥವಾ ಕಪ್ಪು ಬೂಷ್ಟು ಹಿಡಿದ ಕಾಳನ್ನು ಆರಿಸಿ ಎಸೆಯಿರಿ. ಶೇಂಗಾ ಮೇಲೆ ಬೆಳೆಯುವ ಕೆಲವು ಬೂಷ್ಟುಗಳು ಅಫ್ಲಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಖಾರ, ಉಪ್ಪು ಹಚ್ಚಿದ ಶೇಂಗಾ ಬೇಡ. ಮರಳಿನಲ್ಲಿ ಹುರಿದದ್ದಾದರೆ ಒಣ ಬಟ್ಟೆಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ ಬಳಸಿ.

ಹುರಿಗಡಲೆ (ಪುಟಾಣಿ) ಮೊದಲೇ ಹುರಿದದ್ದು. ಅದರ ಹಿಟ್ಟು ಹಸಿ ವಾಸನೆ ಬರುವುದಿಲ್ಲ. ಅದಿಲ್ಲವೆಂದು ಕಡಲೆಹಿಟ್ಟನ್ನೋ ಗೋಧಿಹಿಟ್ಟನ್ನೋ ಹಸಿಯಾಗಿ ಸುರಿಯಬೇಡಿ. ಬೇಯಿಸದ ಹಿಟ್ಟು ರುಚಿಗೂ ಹೊಟ್ಟೆಗೂ ಒಳ್ಳೆಯದಲ್ಲ. ಹುರಿಗಡಲೆ ಸಿಗದ ಊರಿನಲ್ಲಿ ರೋಲ್ಡ್ ಓಟ್ಸ್ ಪುಡಿ ನಡೆಯುತ್ತದೆ, ಅದನ್ನು ಆವಿಯಲ್ಲಿ ಬೇಯಿಸಿಯೇ ಚಪ್ಪಟೆ ಮಾಡಿರುತ್ತಾರೆ.

ಕೊಬ್ಬರಿ ಅಂದರೆ ಒಣಗಿದ್ದೇ ಆಗಬೇಕು, ತಿಪಟೂರು ಕಡೆಯ ಉಂಡೆ ಕೊಬ್ಬರಿಯಂಥದ್ದು. ಹಸಿ ತೆಂಗಿನಕಾಯಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ ಇರುತ್ತದೆ. ಅದನ್ನು ಹಾಕಿದ ಉಂಡೆ ಅಂದೇ ತಿನ್ನಲು ಮಾತ್ರ. ಮರುದಿನಕ್ಕೆ ಹುಳಿ ವಾಸನೆ ಬರುತ್ತದೆ.

ಕಟ್ಟುವ ಕ್ರಮ

ಮಿಕ್ಸಿ ಜಾರು, ಚಮಚ, ಪಾತ್ರೆ, ಕೈ ಎಲ್ಲವೂ ಒಣಗಿರಲಿ. ಮೊದಲು ಹುರಿಗಡಲೆಯನ್ನು ಏಲಕ್ಕಿ ಕಾಳು, ಉಪ್ಪಿನ ಜತೆ ನುಣ್ಣಗೆ ಪುಡಿ ಮಾಡಿ. ಇದರಲ್ಲಿ ಎರಡು ಚಮಚದಷ್ಟನ್ನು ಬೇರೆ ಬಟ್ಟಲಿನಲ್ಲಿ ತೆಗೆದಿಡಿ. ಕೊನೆಗೆ ಹದ ತಿದ್ದಲು ಇದು ಬೇಕಾಗುತ್ತದೆ.

ಆಮೇಲೆ ಶೇಂಗಾ. ಇಲ್ಲಿ ಅವಸರ ಮಾಡಬೇಡಿ. ಗುಂಡಿಯನ್ನು ಎಡಕ್ಕೆ ತಿರುಗಿಸಿ ಬಿಡುವುದು, ಎರಡು ಸೆಕೆಂಡು ತಡೆಯುವುದು, ಮತ್ತೆ ತಿರುಗಿಸುವುದು, ಹೀಗೆ ಬಿಟ್ಟು ಬಿಟ್ಟು ಏಳೆಂಟು ಸಲ. ದಪ್ಪ ರವೆಯ ಹದ ಬಂದರೆ ನಿಲ್ಲಿಸಿ. ಶೇಂಗಾ ತೂಕದಲ್ಲಿ ಅರ್ಧದ ಹತ್ತಿರ ಎಣ್ಣೆಯೇ. ಮಿಕ್ಸಿಯನ್ನು ಒಂದೇ ಸಮನೆ ಓಡಿಸಿದರೆ ಬ್ಲೇಡಿನ ಬಿಸಿಗೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಉಂಡೆ ಕೈಗೆ ಜಿಡ್ಡು ಹತ್ತುತ್ತದೆ. ಎಳ್ಳನ್ನು ಅರ್ಧ ಪುಡಿ ಮಾಡಿ, ಅರ್ಧ ಇಡಿಯಾಗಿ ಬಿಡಿ. ಪುಡಿಯಾದದ್ದು ಹಿಡಿತಕ್ಕೆ, ಇಡಿಯಾದದ್ದು ಹಲ್ಲಿಗೆ ಸಿಗಲಿಕ್ಕೆ.

ಖರ್ಜೂರವನ್ನು ಚಾಕುವಿನಲ್ಲಿ ಸಣ್ಣಗೆ ಕತ್ತರಿಸಿಕೊಳ್ಳಿ. ಇಡಿ ಖರ್ಜೂರವನ್ನು ಜಾರಿಗೆ ಹಾಕಿದರೆ ಬ್ಲೇಡಿಗೆ ಸುತ್ತಿಕೊಂಡು ಮೋಟಾರು ನಿಂತುಬಿಡುತ್ತದೆ. ಹಾಗೆ ನಿಂತರೆ ಪ್ಲಗ್ ತೆಗೆದು, ಹತ್ತು ನಿಮಿಷ ತಣ್ಣಗಾಗಲು ಬಿಟ್ಟು, ಮಿಕ್ಸಿಯ ತಳದಲ್ಲಿರುವ ಕೆಂಪು ಗುಂಡಿ ಒತ್ತಿ. ಇದನ್ನು ತಪ್ಪಿಸಲು ಕತ್ತರಿಸಿದ ಖರ್ಜೂರಕ್ಕೆ ಎರಡು ಹಿಡಿ ಶೇಂಗಾ ಪುಡಿ ಬೆರೆಸಿ, ಎರಡು ಕಂತಿನಲ್ಲಿ ರುಬ್ಬಿ. ಖರ್ಜೂರ ನುಣ್ಣಗಾಗಬೇಕಿಲ್ಲ, ತರಿತರಿಯಾಗಿದ್ದರೆ ಸಾಕು.

ಎಲ್ಲವನ್ನೂ ಅಗಲ ಪಾತ್ರೆಗೆ ಸುರಿದು, ಚಪಾತಿ ಹಿಟ್ಟು ನಾದಿದ ಹಾಗೆ ಅಂಗೈಯ ಬುಡದಿಂದ ಒತ್ತಿ ಒತ್ತಿ ಮೂರು ನಾಲ್ಕು ನಿಮಿಷ ನಾದಿ. ಹೆಚ್ಚಿನವರು ಕೈಬಿಡುವುದು ಈ ಕೆಲಸವನ್ನೇ. ನಾದದೆ ಬರೀ ಕಲಸಿ ಕಟ್ಟಿದರೆ ಉಂಡೆ ಕಟ್ಟಿದಂತೆ ಕಂಡರೂ ಡಬ್ಬಿಯಲ್ಲಿ ಬಿರುಕು ಬಿಡುತ್ತದೆ. ಕೈಯ ಬಿಸಿಗೆ ಖರ್ಜೂರ ಸಡಿಲವಾಗಿ ಪುಡಿಯನ್ನೆಲ್ಲ ಹಿಡಿದುಕೊಳ್ಳಬೇಕು.

ಹದ ನೋಡಲು ನಿಂಬೆಹಣ್ಣಿನಷ್ಟು ಮಿಶ್ರಣ ತೆಗೆದು ಮುಷ್ಟಿಯಲ್ಲಿ ಬಲವಾಗಿ ಒತ್ತಿ, ಉರುಟು ಮಾಡಿ, ಮೊಣಕೈ ಎತ್ತರದಿಂದ ತಟ್ಟೆಗೆ ಬೀಳಿಸಿ. ಒಡೆಯದೆ, ಚಪ್ಪಟೆಯೂ ಆಗದೆ ಉಳಿದರೆ ಹದ ಬಂದಿದೆ. ಒಡೆದರೆ ಒಣಗಿದೆ, ತಟ್ಟೆಗೆ ಅಂಟಿ ಚಪ್ಪಟೆಯಾದರೆ ತೇವ ಹೆಚ್ಚಾಗಿದೆ. ಎಲ್ಲ ಉಂಡೆ ಕಟ್ಟಿದ ಮೇಲೆ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಟ್ಟರೆ ಗಟ್ಟಿಯಾಗುತ್ತವೆ.

ಕೆಟ್ಟಾಗ ಏನು ಮಾಡುವುದು

ಉಂಡೆ ಕಟ್ಟಲು ಬರುತ್ತಿಲ್ಲ, ಪುಡಿಪುಡಿಯಾಗುತ್ತಿದೆ ಎಂದರೆ ನೀರಿನ ಲೋಟಕ್ಕೆ ಕೈ ಹಾಕಬೇಡಿ. ನೀರು ಬಿದ್ದ ಉಂಡೆಗೆ ಮೂರ್ನಾಲ್ಕು ದಿನದಲ್ಲಿ ಬೂಷ್ಟು ಬರುತ್ತದೆ. ಇನ್ನೂ ನಾಲ್ಕೈದು ಖರ್ಜೂರ ಕತ್ತರಿಸಿ ಹಾಕಿ ನಾದಿ. ಖರ್ಜೂರ ಮುಗಿದಿದ್ದರೆ ಮಿಶ್ರಣದ ಕಾಲು ಭಾಗವನ್ನು ಮತ್ತೆ ಮಿಕ್ಸಿಗೆ ಹಾಕಿ ಎಣ್ಣೆ ಬಿಡುವವರೆಗೆ ರುಬ್ಬಿ, ಉಳಿದದ್ದಕ್ಕೆ ಬೆರೆಸಿ. ಅದೂ ಸಾಲದಿದ್ದರೆ ಒಂದು ಚಮಚ ಶೇಂಗಾ ಎಣ್ಣೆ ಅಥವಾ ಕೊಬ್ಬರಿ ಎಣ್ಣೆ. ಖರ್ಜೂರವೇ ಗಟ್ಟಿಯಾಗಿದೆ ಎಂದು ಮೊದಲೇ ಗೊತ್ತಾದರೆ, ಕತ್ತರಿಸಿದ ತುಂಡುಗಳ ಮೇಲೆ ಒಂದೇ ಚಮಚ ಬಿಸಿನೀರು ಚಿಮುಕಿಸಿ ಹದಿನೈದು ನಿಮಿಷ ಮುಚ್ಚಿಡಿ. ನೆನೆಹಾಕಬೇಡಿ. ಹೀಗೆ ಮಾಡಿದ ಉಂಡೆಯನ್ನು ಫ್ರಿಜ್ಜಿನಲ್ಲಿಟ್ಟು ನಾಲ್ಕೈದು ದಿನದೊಳಗೆ ಮುಗಿಸಿ.

ಕೈಗೆ ಮೆತ್ತಿಕೊಳ್ಳುತ್ತಿದ್ದರೆ ಎತ್ತಿಟ್ಟ ಹುರಿಗಡಲೆ ಹಿಟ್ಟನ್ನು ಚಮಚ ಚಮಚವಾಗಿ ಸೇರಿಸಿ, ಪ್ರತಿ ಸಲವೂ ಐದು ನಿಮಿಷ ಬಿಡಿ. ಹಿಟ್ಟು ತೇವ ಹೀರಲು ಅಷ್ಟು ಹೊತ್ತು ಬೇಕು. ಅವಸರದಲ್ಲಿ ಒಂದೇ ಸಲ ಸುರಿದರೆ ಅರ್ಧ ಗಂಟೆಯ ನಂತರ ಉಂಡೆ ಕಲ್ಲಾಗುತ್ತದೆ. ಜಿಡ್ಡು ಹತ್ತುವುದು ಬೇರೆ ತೊಂದರೆ: ಅದು ತೇವದ್ದಲ್ಲ, ಎಣ್ಣೆಯದ್ದು. ಮಿಶ್ರಣವನ್ನು ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ಕಟ್ಟಿದರೆ ಹೆಚ್ಚಿನ ಪಾಲು ತಾನಾಗಿ ಸರಿಹೋಗುತ್ತದೆ.

ಕಹಿ ಬಂದರೆ ಎಳ್ಳು ಸೀದಿದೆ ಅಥವಾ ಶೇಂಗಾ ಹಳೆಯದು. ಅದಕ್ಕೆ ತಿದ್ದುಪಡಿ ಇಲ್ಲ.

ಇದೇ ದಾರಿಯ ಬೇರೆ ಉಂಡೆಗಳು

ಖರ್ಜೂರ ದುಬಾರಿ ಎನ್ನಿಸಿದರೆ ಉತ್ತರ ಕರ್ನಾಟಕದ ಶೇಂಗಾ ಉಂಡಿ ಇದೆಯಲ್ಲ! ನಾಗರ ಪಂಚಮಿಗೆ ಅಲ್ಲಿ ಮನೆಮನೆಯಲ್ಲೂ ಕಟ್ಟುವ ಉಂಡಿಗಳಲ್ಲಿ ಪಾಕ ಕೇಳದ್ದು ಇದು. ಹುರಿದ ಶೇಂಗಾ 250 ಗ್ರಾಂ, ಬೆಲ್ಲದ ಪುಡಿ 150 ಗ್ರಾಂ, ಏಲಕ್ಕಿ. ಶೇಂಗಾ ತರಿಯಾದ ಮೇಲೆ ಬೆಲ್ಲ ಹಾಕಿ ಮತ್ತೆ ನಾಲ್ಕು ಸುತ್ತು ತಿರುಗಿಸಬೇಕು. ಇಲ್ಲಿ ಎಣ್ಣೆ ಬಿಡುವುದೇ ಬೇಕು, ಅಂಟೇ ಅದು. ಒಂದು ಎಚ್ಚರ: ಪಾಕ ಮಾಡುವಾಗ ಬೆಲ್ಲವನ್ನು ಕರಗಿಸಿ ಸೋಸುತ್ತೇವೆ, ಇಲ್ಲಿ ಸೋಸುವ ಅವಕಾಶ ಇಲ್ಲ. ಬೆಲ್ಲದಲ್ಲಿ ಮರಳು ಇದ್ದರೆ ನೇರ ಹಲ್ಲಿಗೆ ಬರುತ್ತದೆ. ಒಂದು ತುಂಡನ್ನು ನೀರಿನಲ್ಲಿ ಕರಗಿಸಿ ತಳದಲ್ಲಿ ಏನು ಉಳಿಯುತ್ತದೆ ನೋಡಿ, ಆಮೇಲೆ ಆ ಬೆಲ್ಲ ಬಳಸಿ.

ಸಂಕ್ರಾಂತಿಯ ಎಳ್ಳು-ಬೆಲ್ಲ ಡಬ್ಬಿಯಲ್ಲಿ ಉಳಿದಿದ್ದರೆ ಅದರಲ್ಲಿ ಎಳ್ಳು, ಶೇಂಗಾ, ಹುರಿಗಡಲೆ, ಕೊಬ್ಬರಿ, ಬೆಲ್ಲ ಎಲ್ಲವೂ ಇವೆ. 200 ಗ್ರಾಂ ಎಳ್ಳು-ಬೆಲ್ಲವನ್ನು ತರಿಯಾಗಿ ಪುಡಿ ಮಾಡಿ, 130 ಗ್ರಾಂ ಖರ್ಜೂರ ಸೇರಿಸಿ ನಾದಿದರೆ ಉಂಡೆ ಸಿದ್ಧ. ಜೀರಿಗೆ ಮಿಠಾಯಿ ಇದ್ದರೆ ಮೊದಲೇ ಆರಿಸಿ ತೆಗೆಯಿರಿ.

ರಾಗಿ ಬೇಕೆನ್ನುವವರು ಅರಳಿಸಿ ಬೀಸಿದ ಹುರಿಹಿಟ್ಟನ್ನು ಹುರಿಗಡಲೆಯ ಜಾಗಕ್ಕೆ ಹಾಕಬಹುದು, ಅದೇ 40 ಗ್ರಾಂ. ಮುದ್ದೆ ಮಾಡುವ ಹಸಿ ರಾಗಿಹಿಟ್ಟು ಇದಕ್ಕೆ ಆಗದು. ಅಗಸೆ ಬೀಜ ಸೇರಿಸುವುದಾದರೆ ಹುರಿದು ಪುಡಿ ಮಾಡಿ ಒಂದು ದೊಡ್ಡ ಚಮಚ. ಇಡಿಯಾಗಿ ನುಂಗಿದ ಅಗಸೆ ಹಾಗೇ ಹೊರಗೆ ಹೋಗುತ್ತದೆ, ಪುಡಿ ಮಾಡಿಟ್ಟದ್ದು ಬೇಗ ಕಮಟಾಗುತ್ತದೆ. ಮಕ್ಕಳಿಗೆ ಚಾಕೊಲೇಟ್ ರುಚಿ ಬೇಕಿದ್ದರೆ ಸಿಹಿಯಿಲ್ಲದ ಕೋಕೋ ಪುಡಿ ಎರಡು ದೊಡ್ಡ ಚಮಚ ಹಾಕಿ, ಅಷ್ಟೇ ಹುರಿಗಡಲೆ ಹಿಟ್ಟು ಕಡಿಮೆ ಮಾಡಿ.

ಉಂಡೆಯ ಬದಲು ಬಾರ್ ಮಾಡುವುದು ಇನ್ನೂ ಸುಲಭ. ಎಣ್ಣೆ ಸವರಿದ ತಟ್ಟೆಗೆ ಮಿಶ್ರಣವನ್ನು ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಚಪ್ಪಟೆ ತಳದ ಸ್ಟೀಲ್ ಲೋಟದಿಂದ ಬಲವಾಗಿ ಒತ್ತಿ, ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು ಕತ್ತರಿಸಿ. ಕುರುಕಲು ಬೇಕಾದರೆ ಗರಿಗರಿಯಾದ ಮಂಡಕ್ಕಿ ಒಂದು ಹಿಡಿ. ಆದರೆ ಅದು ಎರಡನೆಯ ದಿನಕ್ಕೆ ಮೆತ್ತಗಾಗುತ್ತದೆ.

ಇಡುವುದು, ತಿನ್ನುವುದು

ಒಣ ಸ್ಟೀಲ್ ಡಬ್ಬಿಯಲ್ಲಿ ಬಯಲುಸೀಮೆಯ ಹವೆಗೆ ಒಂದು ವಾರ ಹೊರಗೇ ಇರುತ್ತವೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಮೂರು ದಿನದ ಮೇಲೆ ಹೊರಗಿಡಬೇಡಿ, ಬೆಲ್ಲದ ಉಂಡೆಯಂತೂ ತೇವ ಎಳೆದುಕೊಂಡು ಬೆವರುತ್ತದೆ. ಫ್ರಿಜ್ಜಿನಲ್ಲಿ ಮೂರು ವಾರ ಅಡ್ಡಿಯಿಲ್ಲ. ಫ್ರಿಜ್ಜಿನಿಂದ ತೆಗೆದ ಡಬ್ಬಿಯ ಮುಚ್ಚಳವನ್ನು ತಕ್ಷಣ ತೆರೆದು ಹೊರಗೆ ಬಿಟ್ಟರೆ ತಣ್ಣನೆಯ ಉಂಡೆಯ ಮೇಲೆ ನೀರು ಕೂರುತ್ತದೆ. ಬೇಕಾದಷ್ಟನ್ನು ತೆಗೆದು ಒಡನೆ ಮುಚ್ಚಿ ಒಳಗಿಡಿ.

ಮೇಲಿನ ಅಳತೆಯ ಒಂದು ಉಂಡೆಯಲ್ಲಿ ಸುಮಾರು 100 ಕ್ಯಾಲರಿ, 3 ಗ್ರಾಂ ಪ್ರೋಟೀನು. ಓಟಕ್ಕೋ ಚಾರಣಕ್ಕೋ ಅರ್ಧ ಗಂಟೆ ಮುಂಚೆ ಒಂದು ಎರಡು ತಿಂದರೆ ಹೊಟ್ಟೆ ಭಾರವಾಗದೆ ಕಸುವು ಸಿಗುತ್ತದೆ. ಸಕ್ಕರೆ ಹಾಕಿಲ್ಲ ಎಂದು ಸಕ್ಕರೆ ಕಾಯಿಲೆಯವರು ಮನಸ್ಸು ಬಂದಷ್ಟು ತಿನ್ನುವಂತಿಲ್ಲ, ಖರ್ಜೂರದ ತೂಕದಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ. ಶೇಂಗಾ, ಎಳ್ಳು ಎರಡೂ ಕೆಲವರಿಗೆ ಅಲರ್ಜಿ ತರುವಂಥವು. ಶಾಲೆಯ ಡಬ್ಬಿಗೆ ಕಳಿಸುವಾಗ, ಹಂಚುವಾಗ ಕೇಳಿಯೇ ಕೊಡಿ. ಪುಟ್ಟ ಮಕ್ಕಳಿಗಾದರೆ ಶೇಂಗಾ ಚೂರು ಗಂಟಲಿಗೆ ಸಿಕ್ಕದಂತೆ ನುಣ್ಣಗೆ ಪುಡಿ ಮಾಡಿ.

ಹಾಲಿನ ಅಂಶ ಬೇಡ ಎನ್ನುವವರು ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆಯನ್ನು ನಂಬಿ ಕೂರಬಾರದು. ನಮ್ಮ ದೇಶದಲ್ಲಿ ಹಾಲು, ತುಪ್ಪ, ಜೇನು ಇರುವ ತಿನಿಸಿಗೂ ಹಸಿರು ಚುಕ್ಕೆಯೇ ಬರುತ್ತದೆ. ವೀಗನ್, ಅಂದರೆ ಪ್ರಾಣಿಮೂಲದ್ದು ಏನೂ ಇಲ್ಲದ ಆಹಾರಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2022ರಲ್ಲಿ ಬೇರೆ ನಿಯಮ ತಂದಿದೆ, ಅದರ ಗುರುತು ಎಲೆ ಮೂಡಿದ ಹಸಿರು ‘ವಿ’ ಅಕ್ಷರ. ಅದಿಲ್ಲದಿದ್ದರೆ ಹಿಂಬದಿಯ ಸಾಮಾನಿನ ಪಟ್ಟಿ ಓದಿ. ಚಾಕೊಲೇಟ್ ಚಿಪ್ಸ್‌ನಲ್ಲಿ ಹಾಲಿನ ಪುಡಿ, ಪ್ರೋಟೀನ್ ಪುಡಿಯಲ್ಲಿ ಹಾಲಿನಿಂದ ತೆಗೆದ ವೇ, ಹುರಿದ ಬೀಜಗಳ ಕೆಲವು ಪ್ಯಾಕೆಟ್‌ಗಳಲ್ಲಿ ಜೇನು ಇರುತ್ತದೆ.